ಎದೆ ಢವಢವ ಅಂದವರನ್ನು ಬೈಯಬೇಡಿ, ಮೊದಲು ಪಕ್ಕದಲ್ಲಿ ಕೂರಿ

2025ರ ಜುಲೈ ಮೊದಲ ವಾರ. ರಾತ್ರಿ ಹತ್ತೂವರೆ ಆಗಿತ್ತು. ಅರಸೀಕೆರೆ ಕಡೆಯ ಹಳ್ಳಿಯೊಂದರಿಂದ ನಮಗೆ ಫೋನ್ ಬಂತು. ದೂರದ ಸಂಬಂಧದಲ್ಲಿ ಅತ್ತಿಗೆಯಾಗಬೇಕಾದವರು. ‘ಅಪ್ಪಾ, ನಿಮ್ಮಣ್ಣ ಎದೆ ಹಿಡ್ಕಂಡು ಕೂತವ್ರೆ. ಬೆವರ್ತಾವ್ರೆ. ಕೈಯೆಲ್ಲ ಜೋಮು ಅಂತವ್ರೆ. ಬೇಗ ಬಾರಪ್ಪ’ ಅಂದರು. ಮೊದಲು 108ಕ್ಕೆ ಫೋನ್ ಮಾಡಿ ಎಂದು ಹೇಳಿ ನಾವೂ ಬೈಕ್ ಹತ್ತಿದೆವು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ರಕ್ತ ಪರೀಕ್ಷೆ ಮಾಡಿದರು. ಬೆಳಗಿನ ಜಾವದವರೆಗೂ ಮಲಗಿಸಿಕೊಂಡು ಇನ್ನೊಮ್ಮೆ ಇಸಿಜಿ ತೆಗೆದರು. ಹೃದಯಾಘಾತ ಆಗಿರಲಿಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರು ಅಣ್ಣನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕೇಳಿದರು: ‘ಮಲಗೋಕೆ ಮುಂಚೆ ಏನ್ ಮಾಡ್ತಿದ್ರಿ?’

‘ಮೊಬೈಲ್ ನೋಡ್ತಿದ್ದೆ ಸಾರ್.’

‘ಮೊಬೈಲಲ್ಲಿ ಏನ್ ನೋಡ್ತಿದ್ರಿ?’

ಅಣ್ಣ ಫೋನ್ ತೆಗೆದು ತೋರಿಸಿದರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದ ಪಟ್ಟಿ. ಸತ್ತವರ ಹೆಸರು, ವಯಸ್ಸು, ಊರು. ಅದರ ಕೆಳಗೆ ಪೇಪರಿನ ಒಂದು ತುಣುಕು. ‘ಹೃದಯಾಘಾತಕ್ಕೆ ಮತ್ತೊಂದು ಬಲಿ’ ಎಂಬ ತಲೆಬರಹ. ಆ ನಾಲ್ಕು ಸಾಲಿನ ಸುದ್ದಿಯನ್ನು ಕಳಿಸಿದ್ದವರು ನಾವೇ.

ಅಣ್ಣನಿಗೆ ಅದು ಗೊತ್ತಿರಲಿಲ್ಲ. ನಾವೂ ಆ ರಾತ್ರಿ ಹೇಳಲಿಲ್ಲ. ಇವತ್ತು ಬರೆಯುತ್ತಿದ್ದೇವೆ.

ಆ ಎರಡು ತಿಂಗಳು

ನೆನಪಿರಬಹುದು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೆಸರು ಎಲ್ಲ ಟಿವಿಗಳಲ್ಲೂ ಓಡಿತು. ವಯಸ್ಸಾಗದವರೂ ಹೃದಯಾಘಾತದಿಂದ ಸಾಯುತ್ತಿದ್ದಾರೆ ಎಂದು ದಿನಾ ಸುದ್ದಿ. ಎಣಿಕೆ ಪರದೆಯ ಮೂಲೆಯಲ್ಲಿ ಏರುತ್ತಲೇ ಇತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತರು. ಎದೆನೋವು ಇದ್ದವರೂ ಬಂದರು, ಏನೂ ಇಲ್ಲದವರೂ ಬಂದರು. ಗಾಬರಿಯಾಗಬೇಡಿ, ಮೊದಲು ನಿಮ್ಮ ಹತ್ತಿರದ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳಿ ಎಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದು ವರದಿ ಬಂತು. ಪಟ್ಟಿಯಲ್ಲಿದ್ದ ಎಲ್ಲ ಸಾವೂ ಹೃದಯದಿಂದ ಆದದ್ದಲ್ಲ ಎಂಬುದೂ ತಿಳಿಯಿತು. ಹೃದಯದಿಂದಲೇ ಸತ್ತವರಲ್ಲಿ ಬಹಳ ಜನಕ್ಕೆ ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು, ಕುಡಿತ ಇಂಥ ಕಾರಣಗಳು ಮೊದಲೇ ಇದ್ದವು.

ಆದರೆ ಸಾವಿನ ಸುದ್ದಿ ಮೊದಲ ಪುಟದಲ್ಲಿ ಬಂದಿತ್ತು, ವರದಿಯ ಸುದ್ದಿ ಒಳಪುಟಕ್ಕೆ ಹೋಯಿತು. ಹೆದರಿಸಿದ್ದು ಒಂದು ತಿಂಗಳು, ಸಮಾಧಾನ ಹೇಳಿದ್ದು ಒಂದು ದಿನ. ಸತ್ತವರ ಮನೆಯ ನೋವು ಸುಳ್ಳಲ್ಲ. ಅದನ್ನು ಹಗುರ ಮಾಡುವ ಮಾತು ನಮ್ಮದಲ್ಲ. ನಾವು ಹೇಳುತ್ತಿರುವುದು, ಬದುಕಿದ್ದವರ ಎದೆಯಲ್ಲಿ ಕೂತ ದಿಗಿಲಿನ ಬಗ್ಗೆ. ಅದರ ಲೆಕ್ಕ ಯಾರೂ ಇಡಲಿಲ್ಲ.

ಈ ದಿಗಿಲು ಹಾಸನಕ್ಕೆ ಮಾತ್ರ ಸೇರಿದ್ದಲ್ಲ. ಮಳೆ ತಡವಾದಾಗ, ಬೋರ್‌ವೆಲ್ ಬತ್ತಿದಾಗ, ಸಂಘದ ಕಂತಿನ ದಿನ ಹತ್ತಿರ ಬಂದಾಗ, ಮಗಳ ಪರೀಕ್ಷೆ ಫಲಿತಾಂಶದ ಹಿಂದಿನ ರಾತ್ರಿ ನಮ್ಮೆಲ್ಲರ ಮನೆಗೂ ಇದು ಬಂದು ಹೋಗುತ್ತದೆ. ಕೆಲವರ ಮನೆಯಲ್ಲಿ ಉಳಿದುಬಿಡುತ್ತದೆ. ಇದಕ್ಕೆ ನಾವು ಇಡುವ ಹೆಸರುಗಳು ಬೇರೆ: ಟೆನ್ಷನ್, ತಲೆಬಿಸಿ, ಗ್ಯಾಸ್, ಬಿಪಿ ಏರೈತೆ, ಕಣ್ಣು ತಾಗೈತೆ. ಹೆಸರು ಏನಾದರೂ ಇರಲಿ, ಮೈ ಪಡುವ ಪಾಡು ಒಂದೇ.

ಮೈಯೊಳಗೆ ಆಗುವುದೇನು

ಸಕಲೇಶಪುರ, ಆಲೂರು ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮುಂಜಾನೆ ಕಾಫಿ ತೋಟದ ದಾರಿಯಲ್ಲಿ ಹೋಗುತ್ತಿದ್ದೀರಿ. ತಿರುವಿನಲ್ಲಿ ಆನೆ. ಆ ಕ್ಷಣ ಏನಾಗುತ್ತದೆ? ಎದೆ ಢವಢವ. ಉಸಿರು ಜೋರು. ಬಾಯಿ ಒಣಗುತ್ತದೆ. ಕೈಕಾಲು ಬಿಗಿಯುತ್ತದೆ. ಇದು ಕಾಯಿಲೆಯಲ್ಲ. ಓಡಲಿಕ್ಕೆ ಮೈ ಮಾಡಿಕೊಳ್ಳುವ ತಯಾರಿ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ಹೃದಯವನ್ನು ಜೋರಾಗಿ ಓಡಿಸುತ್ತದೆ. ಓಡಿ ಮನೆ ಸೇರಿದ ಮೇಲೆ ಮೈ ತಾನಾಗಿ ತಣ್ಣಗಾಗುತ್ತದೆ.

ತೊಂದರೆ ಏನೆಂದರೆ, ನಮ್ಮ ಮೈಗೆ ಆನೆಗೂ ವಾಟ್ಸಾಪಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಲಗಿದಲ್ಲೇ ಕೆಟ್ಟ ಸುದ್ದಿ ಓದಿದರೂ ಅದೇ ತಯಾರಿ ಶುರು. ಓಡಲು ಜಾಗವಿಲ್ಲ, ಆನೆಯೂ ಇಲ್ಲ. ಎದೆ ಮಾತ್ರ ಓಡುತ್ತಿರುತ್ತದೆ. ಎದೆ ಓಡುತ್ತಿದೆಯಲ್ಲ ಎಂದು ಇನ್ನಷ್ಟು ಹೆದರಿಕೆ. ಹೆದರಿಕೆಗೆ ಉಸಿರು ಇನ್ನೂ ಜೋರು. ಹಾಗೆ ಬೇಗಬೇಗ ಉಸಿರು ಬಿಟ್ಟಾಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿ ಜುಮ್ಮೆನ್ನುತ್ತವೆ, ತಲೆ ಹಗುರಾಗುತ್ತದೆ. ಅಣ್ಣನ ಕೈ ಜೋಮು ಹಿಡಿದದ್ದು ಹೀಗೆ.

ಆದ್ದರಿಂದ ‘ಸುಮ್ನೆ ಏನೇನೋ ಕಲ್ಪನೆ ಮಾಡ್ಕೋತಾನೆ’ ಎಂದು ಬೈಯುವುದು ತಪ್ಪು. ಮೈಯಲ್ಲಿ ಆಗುತ್ತಿರುವುದು ಕಲ್ಪನೆಯಲ್ಲ, ನಿಜವಾಗಿ ಆಗುತ್ತಿದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ, ಮರೆಯಬೇಡಿ. ಎದೆ ಮೇಲೆ ಭಾರ ಇಟ್ಟಂತೆ ನೋವು, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು ಇವು ಬಂದರೆ ಇದು ಗಾಬರಿಯೋ ಹೃದಯವೋ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ತೆಗೆಸಿ. ಏನೂ ಇಲ್ಲ ಎಂದು ಬಂದರೆ ನಾಚಿಕೆ ಪಡಬೇಕಾದ್ದಿಲ್ಲ. ನಾವು ಮುಂದೆ ಹೇಳುವುದೆಲ್ಲ ಡಾಕ್ಟರು ನೋಡಿ ‘ಹೃದಯಕ್ಕೆ ತೊಂದರೆ ಇಲ್ಲ’ ಎಂದ ಮೇಲಿನ ಮಾತು.

ಮೊದಲು ಉಸಿರು

ಆ ರಾತ್ರಿ ಡಾಕ್ಟರು ಅಣ್ಣನಿಗೆ ಒಂದು ಕೆಲಸ ಕಲಿಸಿದರು. ‘ಮೂಗಿಂದ ನಿಧಾನಕ್ಕೆ ಉಸಿರು ತಗೊಳಿ, ಮನಸ್ಸಲ್ಲೇ ನಾಲ್ಕು ಎಣಿಸಿ. ಆಮೇಲೆ ಆರು ಎಣಿಸ್ತಾ ನಿಧಾನಕ್ಕೆ ಬಿಡಿ. ಬಿಸಿ ಕಾಫಿ ಊದ್ತೀರಲ್ಲ, ಹಂಗೆ.’ ಒಂದು ಸುತ್ತಿಗೆ ಸುಮಾರು 10 ಸೆಕೆಂಡ್. ನಿಮಿಷಕ್ಕೆ ಆರು ಉಸಿರು. ಐದು ನಿಮಿಷ ಮಾಡಿದರೆ ಸಾಕು.

ಇದರಲ್ಲಿ ಮಂತ್ರವಿಲ್ಲ. ಉಸಿರು ಒಳಗೆ ಎಳೆದಾಗ ಹೃದಯ ಒಂದಿಷ್ಟು ಜೋರಾಗುತ್ತದೆ, ಹೊರಗೆ ಬಿಡುವಾಗ ನಿಧಾನವಾಗುತ್ತದೆ. ಎಳೆಯುವುದಕ್ಕಿಂತ ಬಿಡುವುದು ಉದ್ದವಾದರೆ ಮೈಗೆ ‘ಆನೆ ಹೋಯ್ತು’ ಎಂಬ ಸುದ್ದಿ ಮುಟ್ಟುತ್ತದೆ. ಎದೆಗೆ ‘ನಿಧಾನವಾಗು’ ಎಂದು ಹೇಳಿದರೆ ಅದು ಕೇಳುವುದಿಲ್ಲ. ಉಸಿರು ಮಾತ್ರ ನಮ್ಮ ಮಾತು ಕೇಳುತ್ತದೆ. ಅದರ ಮೂಲಕವೇ ಎದೆಗೆ ಹೇಳಿಸಬೇಕು.

ಗಾಬರಿ ಬಂದಾಗ ಮಾತ್ರ ಮಾಡಿದರೆ ಕೈಗೆ ಹತ್ತುವುದಿಲ್ಲ. ಈಜು ಕಲಿಯುವುದು ಪ್ರವಾಹದ ದಿನ ಅಲ್ಲವಲ್ಲ. ಹಾಲು ಕರೆದು ಡೇರಿಗೆ ಹಾಕಿ ಸರದಿಯಲ್ಲಿ ನಿಂತಾಗ, ಬಸ್ಸಿಗೆ ಕಾಯುವಾಗ, ಮುದ್ದೆಗೆ ಎಸರು ಕುದಿಯುವಾಗ ಮಾಡಿ. ಯಾರಿಗೂ ಗೊತ್ತೂ ಆಗುವುದಿಲ್ಲ.

ಉಸಿರಿನ ಕಡೆ ಗಮನ ಕೊಟ್ಟರೆ ಇನ್ನೂ ಗಾಬರಿಯಾಗುತ್ತದೆ ಎನ್ನುವವರೂ ಇದ್ದಾರೆ. ಅವರು ಎರಡೂ ಕೈ ಮುಷ್ಟಿ ಬಿಗಿಯಾಗಿ ಹಿಡಿದು ಐದು ಎಣಿಸಿ ಬಿಡಲಿ. ಆಮೇಲೆ ಭುಜ, ಆಮೇಲೆ ಕಾಲು. ಅಥವಾ ಬರಿಗಾಲನ್ನು ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಲಿ: ತೆಂಗಿನ ಮರ, ಬಿಂದಿಗೆ, ಸೈಕಲ್, ಕರು, ಹಗ್ಗ. ಮುಂದೇನಾಗುತ್ತದೋ ಎಂದು ಓಡುವ ಮನಸ್ಸು ಇವತ್ತಿಗೆ, ಇಲ್ಲಿಗೆ ಬರುತ್ತದೆ.

ಆಮೇಲೆ ಕಾಗದ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅನ್ನುತ್ತಾರೆ. ಸರಿ. ಆದರೆ ಚಿಂತೆ ಇಲ್ಲದವನು ಯಾರಿದ್ದಾನೆ? ಉಸಿರಾಟ ಮಾಡಿದರೆ ಸಾಲ ತೀರುವುದಿಲ್ಲ, ಮಳೆ ಬರುವುದಿಲ್ಲ. ಸಾಲಗಾರನಿಗೆ ಬರೀ ಧ್ಯಾನ ಹೇಳಿಕೊಟ್ಟು ಸಾಲದ ಮಾತೇ ಎತ್ತದವರ ಬಗ್ಗೆ ನಮಗೆ ಸಿಟ್ಟಿದೆ. ಅದು ಅರ್ಧ ಕೆಲಸ. ಮೈ ತಣ್ಣಗೆ ಮಾಡಿಕೊಳ್ಳುವುದು ಸಮಸ್ಯೆ ಮರೆಯಲಿಕ್ಕಲ್ಲ, ಸಮಸ್ಯೆಯ ಮುಂದೆ ಕೂತು ಯೋಚಿಸಲಿಕ್ಕೆ. ಎದೆ ಓಡುತ್ತಿರುವಾಗ ತಲೆ ಲೆಕ್ಕ ಮಾಡುವುದಿಲ್ಲ.

ಅದಾಗಿ ವಾರದ ನಂತರ ಅಣ್ಣನ ಮನೆಯ ಜಗಲಿಯಲ್ಲಿ ಕೂತು ಮಗನ ನೋಟ್‌ಬುಕ್ಕಿನ ಒಂದು ಹಾಳೆ ಹರಿದೆವು. ನಡುವೆ ಒಂದು ಗೆರೆ. ಎಡಕ್ಕೆ ‘ನಮ್ಮ ಕೈಲಿರೋದು’, ಬಲಕ್ಕೆ ‘ನಮ್ಮ ಕೈಲಿಲ್ಲದ್ದು’. ತಲೆಯಲ್ಲಿ ತಿರುಗುತ್ತಿರುವುದೆಲ್ಲ ಹೇಳಿ ಎಂದೆವು. ಮೊದಲು ನಕ್ಕರು. ಆಮೇಲೆ ಹೇಳುತ್ತಾ ಹೋದರು.

ಮಳೆ ಬಲಕ್ಕೆ ಹೋಯಿತು. ಕೊಬ್ಬರಿ ರೇಟು ಬಲಕ್ಕೆ. ‘ನನಗೂ ಹಾರ್ಟ್ ಅಟ್ಯಾಕ್ ಆದ್ರೆ?’ ಎಂಬುದನ್ನು ಬಲಕ್ಕೆ ಬರೆಯಲು ಹೊರಟಾಗ ಅತ್ತಿಗೆ ತಡೆದರು. ‘ಬೀಡಿ ಬುಡೋದು ಯಾರ್ ಕೈಲೈತೆ?’ ಅಂದರು. ಅದು ಒಡೆದು ಮೂರಾಯಿತು: ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸುವುದು, ಬೀಡಿ ಬಿಡುವುದು, ಊಟದಲ್ಲಿ ಉಪ್ಪಿನಕಾಯಿ ಕಡಿಮೆ ಮಾಡುವುದು. ಮೂರೂ ಎಡಕ್ಕೆ. ಸೊಸೈಟಿ ಸಾಲದ ಕೊನೆ ದಿನ ಯಾವತ್ತು ಎಂದು ಕೇಳಿದರೆ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ ತಾರೀಕಿಗೆ ಎರಡು ತಿಂಗಳಿಂದ ಹೆದರುತ್ತಿದ್ದರು. ‘ನಾಳೆ ಹೋಗಿ ತಾರೀಕು ಕೇಳೋದು’ ಎಡಕ್ಕೆ ಬಂತು.

ಎಡಗಡೆಯ ಪ್ರತಿಯೊಂದರ ಮುಂದೆ ಒಂದು ದಿನ ಬರೆದೆವು. ಬಲಗಡೆಯದಕ್ಕೆ ದಿನಕ್ಕೆ ಕಾಲು ಗಂಟೆ, ಸಂಜೆ ಟೀ ಹೊತ್ತಿನಲ್ಲಿ. ರಾತ್ರಿ ಎದ್ದು ಕೂತು ಚಿಂತೆ ಬಂದರೆ, ‘ನಾಳೆ ಟೀಗೆ ಬಾ’ ಎಂದು ಕಳಿಸಬೇಕು. ತಮಾಷೆಯಂತೆ ಕಾಣುತ್ತದೆ. ಆದರೆ ಚಿಂತೆಗೂ ಹೊತ್ತು ಗೊತ್ತುಮಾಡುವುದು ಮನೋವೈದ್ಯರು ನಿಜವಾಗಿಯೂ ಹೇಳಿಕೊಡುವ ವಿಧಾನ.

ಪರೀಕ್ಷೆಯಲ್ಲಿ ಅಣ್ಣನಿಗೆ ಬಿಪಿ ಇರುವುದು ಗೊತ್ತಾಯಿತು. ಈಗ ದಿನಾ ಒಂದು ಮಾತ್ರೆ. ಅಂದರೆ ಅವರ ಭಯ ಪೂರ್ತಿ ಸುಳ್ಳಾಗಿರಲಿಲ್ಲ, ಅಳತೆ ಮಾತ್ರ ತಪ್ಪಿತ್ತು. ಬೆಟ್ಟದಷ್ಟು ಕಂಡದ್ದು ಒಂದು ಮಾತ್ರೆಯಷ್ಟಾಯಿತು.

ರಾತ್ರಿಯ ನಿದ್ದೆ

ದಿಗಿಲಿಗೆ ದೊಡ್ಡ ಗೊಬ್ಬರ ನಿದ್ದೆಗೆಡುವುದು. ಎರಡು ರಾತ್ರಿ ಸರಿಯಾಗಿ ಮಲಗದಿದ್ದರೆ ಮೂರನೇ ದಿನ ಸಣ್ಣ ಮಾತಿಗೂ ಎದೆ ಹಾರುತ್ತದೆ.

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ನಿದ್ದೆಗಣ್ಣಲ್ಲಿ ಟಾರ್ಚ್ ಹಿಡಿದು ತೋಟಕ್ಕೆ ಹೋಗಬೇಕು. ಹಾವು, ಚಿರತೆ, ಕೆಲವು ಕಡೆ ಆನೆ. ಹಗಲು ಕರೆಂಟ್ ಕೊಡಿ ಎಂದು ರೈತರು ಕೇಳುವುದು ಬೆಳೆಗಾಗಿ ಮಾತ್ರವಲ್ಲ, ತಲೆ ನೆಟ್ಟಗಿರಲಿ ಎಂದೂ ಹೌದು. ಅಧಿಕಾರಿಗಳು ಇದನ್ನು ಆರೋಗ್ಯದ ಬೇಡಿಕೆ ಎಂದೂ ಓದಿಕೊಳ್ಳಬೇಕು.

ಕರೆಂಟ್ ನಮ್ಮ ಕೈಲಿಲ್ಲ. ಫೋನ್ ನಮ್ಮ ಕೈಲೇ ಇದೆ. ಇದನ್ನು ನೀವು ಓದುತ್ತಿರುವುದೂ ಫೋನಿನಲ್ಲೇ ಎಂದು ನಮಗೆ ಗೊತ್ತು. ಫೋನ್ ಬಿಸಾಕಿ ಎನ್ನುವುದಿಲ್ಲ. ಮಲಗುವ ಒಂದು ಗಂಟೆ ಮೊದಲು ಅದನ್ನು ಅಡುಗೆಮನೆಯಲ್ಲೋ ದೇವರ ಗೂಡಿನ ಪಕ್ಕವೋ ಚಾರ್ಜಿಗೆ ಹಾಕಿ. ರಿಂಗ್ ಆದರೆ ಕೇಳಿಸುತ್ತದೆ. ಸಾವಿನ ಫೋಟೊ, ಅಪಘಾತದ ವಿಡಿಯೊ ಸುರಿಯುವ ಗುಂಪುಗಳನ್ನು ಮ್ಯೂಟ್ ಮಾಡಿ. ಗುಂಪು ಬಿಟ್ಟರೆ ಊರಲ್ಲಿ ಮಾತು ಬರುತ್ತದೆ, ಮ್ಯೂಟ್ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ.

ಇನ್ನು ಎಣ್ಣೆ. ‘ಒಂದು ಕ್ವಾರ್ಟರ್ ಹಾಕಿದ್ರೆ ನಿದ್ದೆ ಬತ್ತದೆ’ ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ನಿದ್ದೆ ಬರುವುದು ನಿಜ. ಆದರೆ ನಡುರಾತ್ರಿ ಕಳೆದು ಅಮಲು ಇಳಿದಾಗ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ನಿದ್ದೆಯಿಲ್ಲ. ಬೀಡಿ, ಗುಟ್ಕಾ ಕೂಡ ಹೀಗೆಯೇ. ಸಮಾಧಾನ ಕೊಟ್ಟಂತೆ ಮಾಡಿ ಹೃದಯವನ್ನು ಜೋರಾಗಿ ಓಡಿಸುತ್ತವೆ. ದಿನಕ್ಕೆ ಆರೇಳು ಟೀ ಕುಡಿಯುವವರು ಸಂಜೆ ನಾಲ್ಕರ ನಂತರದ್ದನ್ನು ಬಿಟ್ಟು ನೋಡಿ.

ಹೊಲದಲ್ಲಿ ದುಡಿಯುವವರಿಗೆ ವಾಕಿಂಗ್ ಯಾಕೆ ಎಂದು ಕೇಳುತ್ತೀರಿ. ದುಡಿಮೆ ಮೈಗೆ, ನಡಿಗೆ ಮನಸ್ಸಿಗೆ. ಸಂಜೆ ಊರಾಚೆ ಕೆರೆ ಏರಿಯ ಮೇಲೆ ಇಪ್ಪತ್ತು ನಿಮಿಷ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಎದುರುಬದುರು ಕೂತು ಆಡಲಾಗದ ಮಾತು ಪಕ್ಕಪಕ್ಕ ನಡೆಯುವಾಗ ಸಲೀಸಾಗಿ ಬರುತ್ತದೆ.

ಹೆಂಗಸರ ‘ಗ್ಯಾಸ್’

ಗಂಡಸರಿಗೆ ಅರಳಿಕಟ್ಟೆ ಇದೆ, ಟೀ ಅಂಗಡಿ ಇದೆ. ಹೆಂಗಸರಿಗೆ ಏನಿದೆ? ಸುದ್ದಿಗೆ ಹೋದಲ್ಲೆಲ್ಲ ನಾವು ಕಂಡದ್ದು ಇದು. ಎದೆ ಉರಿ, ತಲೆನೋವು, ನಿದ್ದೆ ಇಲ್ಲ, ಕೈಕಾಲು ಸೆಳೆತ ಎಂದರೆ ಮನೆಯವರು ಗ್ಯಾಸ್ ಎಂದು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದುಕೊಡುತ್ತಾರೆ. ವರ್ಷಗಟ್ಟಲೆ ಅದೇ ಮಾತ್ರೆ. ಒಳಗೆ ಏನಿದೆ ಎಂದು ಯಾರೂ ಕೇಳಿರುವುದಿಲ್ಲ.

ಒಳಗೆ ಅನೇಕ ಸಲ ಇರುವುದು ಕಂತು. ಮೈಕ್ರೋ ಫೈನಾನ್ಸ್ ಸಾಲ ಹೆಂಗಸರ ಹೆಸರಿನಲ್ಲಿ, ಖರ್ಚು ಇಡೀ ಮನೆಯದ್ದು. ಕಂತಿನ ಹಿಂದಿನ ರಾತ್ರಿ ನಿದ್ದೆ ಕೆಡುವುದು ಒಬ್ಬಳದ್ದೇ. ಒಬ್ಬಳು ಕಟ್ಟದಿದ್ದರೆ ಗುಂಪಿನವರೆಲ್ಲ ಅವಳ ಮನೆ ಬಾಗಿಲಿಗೆ ಬರುತ್ತಾರೆ.

ಈ ಭಯ ಇಳಿಸಲು ಉಸಿರಾಟದ ಜೊತೆ ಕಾನೂನೂ ಗೊತ್ತಿರಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವುದು, ಕೆಟ್ಟ ಮಾತು ಆಡುವುದು, ನೆಂಟರಿಷ್ಟರಿಗೆ, ಜೊತೆಯಲ್ಲಿ ದುಡಿಯುವವರಿಗೆ ಕಾಟ ಕೊಡುವುದು ತಪ್ಪು. ಮನೆಯವರೆಲ್ಲರ ತಿಂಗಳ ಆದಾಯದಲ್ಲಿ ಎಲ್ಲ ಸಾಲಗಳ ಕಂತು ಸೇರಿ ಅರ್ಧಕ್ಕಿಂತ ಹೆಚ್ಚಾಗುವಂತೆ ಸಾಲ ಕೊಡುವಂತಿಲ್ಲ. ರಾಜ್ಯ ಸರ್ಕಾರವೂ ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಕಾಯ್ದೆಯಾಯಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ದೂರು ಕೊಟ್ಟರೆ ಪೊಲೀಸರು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಸಾಲ ಕಟ್ಟಬೇಡಿ ಎಂದು ಇದರ ಅರ್ಥವಲ್ಲ. ಕಟ್ಟುವ ಸಾಲಕ್ಕೆ ಮಾನ ಕೊಡಬೇಕಾಗಿಲ್ಲ ಎಂದಷ್ಟೇ.

ಗಂಡಸರಿಗೆ ಒಂದು ಮಾತು. ಮನೆಯಾಕೆಯ ಕಂತಿನ ಪುಸ್ತಕ ಒಮ್ಮೆ ತೆಗೆದು ಜೊತೆಯಲ್ಲಿ ಕೂತು ಓದಿ. ಅದೇ ಅರ್ಧ ಔಷಧಿ.

‘ಧೈರ್ಯ ತಗೋ’ ಅನ್ನುವ ಬದಲು

ದಿಗಿಲು ಬಿದ್ದವರಿಗೆ ನಾವೆಲ್ಲ ಹೇಳುವ ಮಾತು ಒಂದೇ: ‘ಧೈರ್ಯ ತಗೋ.’ ಎಲ್ಲಿಂದ ತಗೊಳ್ಳಬೇಕು? ಅಂಗಡಿಯಲ್ಲಿ ಸಿಗುವುದಿಲ್ಲ. ‘ಗಂಡಸಾಗಿ ಅಳ್ತೀಯಾ’, ‘ನಿನಗಿಂತ ಕಷ್ಟ ಇರೋರಿಲ್ವಾ’ ಎಂಬುವೂ ಇದೇ ಜಾತಿಯ ಮಾತು. ಹೇಳಿದವರಿಗೆ ಸಮಾಧಾನ, ಕೇಳಿದವರಿಗೆ ಇನ್ನೊಂದು ಹೊರೆ. ಮುಂದಿನ ಸಲ ಅವರು ಹೇಳಿಕೊಳ್ಳುವುದೇ ಇಲ್ಲ.

ಇದರ ಬದಲು ಪಕ್ಕದಲ್ಲಿ ಕೂರಿ. ‘ಊಟ ಆಯ್ತಾ? ರಾತ್ರಿ ನಿದ್ದೆ ಬಂತಾ?’ ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ. ಬುದ್ಧಿ ಹೇಳಬೇಡಿ, ‘ಈಗ ಏನ್ ಮಾಡಾಣ?’ ಎಂದು ಕೇಳಿ. ಕೊನೆಗೆ ‘ನಾಳೆ ಬತ್ತೀನಿ’ ಅನ್ನಿ, ಹೇಳಿದ ಮೇಲೆ ಹೋಗಿ. ಇಷ್ಟಕ್ಕೆ ಓದು ಬೇಕಿಲ್ಲ, ದುಡ್ಡು ಬೇಕಿಲ್ಲ.

‘ಬದುಕೇ ಬೇಡ’ ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ತಮಾಷೆ ಎಂದು ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿದಾಗ ಬಹಳ ಜನಕ್ಕೆ ಹಗುರವಾಗುತ್ತದೆ. ಅವರನ್ನು ಒಬ್ಬರೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೇರೆಯವರ ಮನೆಗೆ ಸಾಗಿಸಿ, ಬೀಗ ಹಾಕಿಸಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡಾಕ್ಟರ ಬಳಿ ಯಾವಾಗ

ದಿಗಿಲು ಎರಡು ವಾರ ಬಿಡದೆ ಇದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಊಟ ನಿದ್ದೆ ಕೆಟ್ಟರೆ, ಕುಡಿತ ಏರುತ್ತಿದ್ದರೆ ಮನೆಮದ್ದು ಸಾಕಾಗುವುದಿಲ್ಲ. ಆತಂಕಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನಿದ್ದೆ ಮಾತ್ರೆ ನುಂಗಬೇಡಿ, ಅದು ಚಟವಾಗುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಲೂ ಬೇಡಿ.

‘ತಲೆ ಡಾಕ್ಟ್ರ ಹತ್ರ ಹೋದ್ರೆ ಹುಚ್ಚ ಅಂತಾರೆ’ ಎಂಬ ಹೆದರಿಕೆ ನಮ್ಮಲ್ಲಿ ಇನ್ನೂ ಇದೆ. ಹಳ್ಳಿಯವರ ಮನಸ್ಸಿನ ಆರೋಗ್ಯ ಜಿಲ್ಲೆಯಲ್ಲೇ ನೋಡಿಕೊಳ್ಳಬೇಕು ಎಂಬ ಪ್ರಯೋಗ ದೇಶದಲ್ಲಿ ನಡೆದದ್ದು ನಮ್ಮ ಬಳ್ಳಾರಿಯಲ್ಲೇ, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಕೈಯಿಂದ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು ಅಲ್ಲೇ ಚಿಕಿತ್ಸೆ ಕೊಡಿಸಿದರು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಬೇರೆ ಜಿಲ್ಲೆಗಳಿಗೆ ಹೋಯಿತು. ಹಳ್ಳಿಯ ಕಾಯಿಲೆಗೆ ಹಳ್ಳಿಯ ಹತ್ತಿರವೇ ಮದ್ದು ಎಂದು ಬಳ್ಳಾರಿ ತೋರಿಸಿ ನಲವತ್ತು ವರ್ಷವಾದರೂ ನಾವು ಮಾತ್ರ ಇನ್ನೂ ಗ್ಯಾಸ್ ಮಾತ್ರೆ ನುಂಗುತ್ತಿದ್ದೇವೆ.

ಈಗ ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಂಡು ಹೋಗಿ. ಬಸ್ಸು ಹತ್ತಲಾಗದಿದ್ದರೆ ಫೋನಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ. ನಿಮಗೆ ಬೇಡವಾದರೂ ಪಕ್ಕದ ಮನೆಯವರಿಗೆ ಬೇಕಾದೀತು.

ನಮ್ಮ ಪಾಲಿನ ತಪ್ಪು, ನಮ್ಮ ಪಾಲಿನ ಕೆಲಸ

ಊರಿನವರಿಗೆ ಇಷ್ಟೆಲ್ಲ ಹೇಳಿ ನಾವು ಸುಮ್ಮನಿದ್ದರೆ ಆಗುವುದಿಲ್ಲ. ಜಿಲ್ಲೆಯ ಸುದ್ದಿ ಬರೆಯುವ ನಮ್ಮಂಥವರಿಗೆ ಎಷ್ಟು ಸುದ್ದಿ ಕಳಿಸಿದೆವು ಎಂಬುದರ ಮೇಲೆ ಸಂಭಾವನೆ. ಸಾವಿನ ಸುದ್ದಿ ತಪ್ಪದೆ ಅಚ್ಚಾಗುತ್ತದೆ. ಆ ಜುಲೈನಲ್ಲಿ ನಾವು ಕಳಿಸಿದ ಎಷ್ಟೋ ಸುದ್ದಿಯಲ್ಲಿ ‘ಹೃದಯಾಘಾತ’ ಎಂದು ಹೇಳಿದ್ದು ಡಾಕ್ಟರಲ್ಲ, ಮನೆಯ ಮುಂದೆ ನಿಂತಿದ್ದ ನೆರೆಯವರು. ನಾವು ಅಷ್ಟಕ್ಕೇ ಬರೆದೆವು. ‘ಮತ್ತೊಂದು ಬಲಿ’ ಎಂಬ ತಲೆಬರಹ ನಮ್ಮದಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅಂಥ ತಲೆಬರಹ ಬರುತ್ತದೆ ಎಂದು ಗೊತ್ತಿದ್ದೇ ಕಳಿಸಿದ್ದೆವು.

ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಡಾಕ್ಟರು ಹೇಳದೆ ಸಾವಿನ ಕಾರಣ ಬರೆಯುವುದಿಲ್ಲ. ಸಾವುಗಳಿಗೆ ನಂಬರ್ ಹಾಕಿ ಎಣಿಸುವುದಿಲ್ಲ. ಹೆದರಿಸುವ ಸುದ್ದಿ ಕಳಿಸಿದರೆ, ಅದರಲ್ಲೇ ಜನ ಏನು ಮಾಡಬಹುದು, ಎಲ್ಲಿಗೆ ಹೋಗಬಹುದು ಎಂಬ ಎರಡು ಸಾಲು ಸೇರಿಸುತ್ತೇವೆ. ಕೆಲವು ಸಲ ಆ ಎರಡು ಸಾಲನ್ನೇ ಕತ್ತರಿಸುತ್ತಾರೆ. ಮತ್ತೆ ಸೇರಿಸಿ ಕಳಿಸುತ್ತೇವೆ. ಇದರಿಂದ ತಿಂಗಳಿಗೆ ಕೆಲವು ಸುದ್ದಿ ಕಡಿಮೆಯಾಗಿದೆ. ಆಗಲಿ.

ನೀವೂ ಒಂದು ಮಾಡಿ. ಗುಂಪಿನಲ್ಲಿ ಹೆದರಿಸುವ ಸುದ್ದಿ ಬಂದರೆ ಫಾರ್ವರ್ಡ್ ಒತ್ತುವ ಮೊದಲು ಹತ್ತು ಉಸಿರು ತೆಗೆದುಕೊಳ್ಳಿ. ಮೇಲೆ ಹೇಳಿದ ಹಾಗೆ, ನಾಲ್ಕು ಒಳಗೆ, ಆರು ಹೊರಗೆ. ಎರಡು ನಿಮಿಷ ಕೂಡ ಆಗುವುದಿಲ್ಲ. ಅಷ್ಟರಲ್ಲಿ ಕಳಿಸಬೇಕೋ ಬೇಡವೋ ನಿಮಗೇ ಗೊತ್ತಾಗುತ್ತದೆ.

ಮೊನ್ನೆ ಅಣ್ಣ ಸಿಕ್ಕಿದ್ದರು. ಬೀಡಿ ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ಮೂರಕ್ಕೆ ಇಳಿದಿದೆಯಂತೆ. ಒಂದೊಂದು ರಾತ್ರಿ ಈಗಲೂ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತದಂತೆ. ‘ಏನ್ ಮಾಡ್ತೀರಿ ಆಗ?’ ಎಂದು ಕೇಳಿದೆವು. ‘ಎದ್ದು ಕೊಟ್ಟಿಗೆಗೆ ಹೋಗಿ ಹಸ ಪಕ್ಕ ಕೂತ್ಕತೀನಿ ಕಣಪ್ಪ. ಅದು ಮೆಲುಕು ಹಾಕ್ತಾ ಉಸಿರು ಬುಡ್ತದಲ್ಲ, ಅದರ ಜೊತೇಲೇ ನಾನೂ ಬುಡ್ತೀನಿ’ ಅಂದರು. ಡಾಕ್ಟರು ಹೇಳಿಕೊಟ್ಟ ಎಣಿಕೆ ಮರೆತುಹೋಗಿದೆ, ಕೆಲಸ ಮಾತ್ರ ಮರೆತಿಲ್ಲ.

ಆ ತಲೆಬರಹದ ಸುದ್ದಿ ನಾವೇ ಕಳಿಸಿದ್ದು ಎಂದು ಅವತ್ತು ಅವರಿಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಊಟ ಆಯ್ತಾ ನಿಂದು?’ ಎಂದು ಕೇಳಿದರು.